ಕ್ಯಾಥೊಲಿಕರ ವಿಮೋಚನೆಯೂ ನಲವತ್ತು ಷಿಲ್ಲಿಂಗಿನ ಒಕ್ಕಲುಗಳೂ

ಕ್ರಿ. ಶ. 1829ನೆಯ ಏಪ್ರಿಲ್ 13ರಂದು ನಾಲ್ಕನೆಯ ಜಾರ್ಜ್ ದೊರೆಯ ಒಪ್ಪಿಗೆಯನ್ನು ಪಡೆದ ಶಾಸನವೊಂದರಿಂದ ರೋಮನ್ ಕ್ಯಾಥೊಲಿಕರಿಗೆ ಬ್ರಿಟಿಷ್ ಪಾರ್ಲಿಮೆಂಟಿನ ಬಾಗಿಲು ತೆರೆಯಿತು. ಇದನ್ನು ಐರ್ಲೆಂಡಿನ ನ್ಯಾಯವಾದಿ ಡೇನಿಯಲ್ ಓಕಾನೆಲ್ಲನ ವಿಜಯವೆಂದು ವರ್ಣಿಸುವುದು ವಾಡಿಕೆ. ವರ್ಣನೆಯು ಸುಳ್ಳಲ್ಲ, ಆದರೆ ಆ ವಿಜಯಕ್ಕೆ ಬೆಲೆ ತೆತ್ತವರು ಬೇರೆಯವರು.

ಐರ್ಲೆಂಡಿನ ಜನರಲ್ಲಿ ಬಹುಭಾಗ ಕ್ಯಾಥೊಲಿಕರು. ಅಧಿಕಾರವೂ ಭೂಮಿಯೂ ಪ್ರಾಟೆಸ್ಟೆಂಟರ ವಶದಲ್ಲಿದ್ದುವು. 1704ರ ಕಟ್ಟಳೆಯಂತೆ ಕ್ಯಾಥೊಲಿಕನು ಭೂಮಿಯನ್ನು ಕೊಳ್ಳುವಂತಿರಲಿಲ್ಲ. 31 ವರ್ಷಗಳಿಗೆ ಮೀರಿ ಗೇಣಿಗೆ ಹಿಡಿಯುವಂತಿರಲಿಲ್ಲ. ಅವನು ಸತ್ತರೆ ಆಸ್ತಿಯು ಗಂಡುಮಕ್ಕಳೆಲ್ಲರಿಗೂ ಹಂಚಿಹೋಗಬೇಕು. ಹಿರಿಯ ಮಗನು ರಾಜಮಾನ್ಯವಾದ ಮತಕ್ಕೆ ಸೇರಿದನಾದರೆ ಅದು ಅವನಿಗೊಬ್ಬನಿಗೇ ಸಲ್ಲುವುದು. ಒಂದು ಮತವನ್ನು ಅಡಗಿಸಲು ಪೂಜೆಯನ್ನು ತಡೆಯುವುದಕ್ಕಿಂತ ಮನೆತನವನ್ನು ಒಡೆಯುವುದು ಸುಲಭವೆಂಬುದನ್ನು ಶಾಸನಕರ್ತರು ಚೆನ್ನಾಗಿ ಅರಿತಿದ್ದರು. 1728ರಲ್ಲಿ ವೋಟಿನ ಹಕ್ಕೂ ಹೋಯಿತು.

1793ರಲ್ಲಿ ಈ ಹಕ್ಕು ಮರಳಿ ಬಂದಿತು. ವರ್ಷಕ್ಕೆ 40 ಷಿಲ್ಲಿಂಗ್ ಉತ್ಪತ್ತಿಯುಳ್ಳ ಭೂಮಿಯನ್ನು ಜೀವಾವಧಿಯ ಗೇಣಿಗೆ ಹಿಡಿದ ಒಕ್ಕಲಿಗನಿಗೂ ವೋಟು ದೊರೆಯಿತು. ವೋಟನ್ನು ಎಲ್ಲರೆದುರಿಗೆ ಬಾಯಿಬಿಟ್ಟು ಹೇಳಬೇಕಾಗಿದ್ದುದರಿಂದ ಜಮೀನ್ದಾರರು ಇದಕ್ಕೆ ಅಂಜಲಿಲ್ಲ. ತಮ್ಮ ಬಲವನ್ನು ಬೆಳೆಸಿಕೊಳ್ಳಲು ಇಂತಹ ಸಣ್ಣ ಒಕ್ಕಲುಗಳನ್ನು ತಾವೇ ಹೆಚ್ಚಿಸಿದರು.

ಸದಸ್ಯತ್ವದ ಮಾತು ಬೇರೆ. ಕ್ಯಾಥೊಲಿಕನು ಚುನಾವಣೆಗೆ ನಿಲ್ಲಬಾರದೆಂದು ಯಾವ ಶಾಸನವೂ ಹೇಳಿರಲಿಲ್ಲ. ಆದರೆ ಸಭೆಯಲ್ಲಿ ಕುಳಿತುಕೊಳ್ಳುವ ಮೊದಲು ಮಾಸ್ ಪೂಜೆಯೂ ಸಂತರ ಪ್ರಾರ್ಥನೆಯೂ ಮೂಢಾಚಾರ, ವಿಗ್ರಹಾರಾಧನೆ ಎಂದು ಘೋಷಿಸಬೇಕಾಗಿದ್ದಿತು. ಈ ಸಂದಿನಲ್ಲಿಯೇ ಓಕಾನೆಲ್ಲನು ನುಗ್ಗಿದನು. 1823ರಲ್ಲಿ ಸ್ಥಾಪಿತವಾದ ಕ್ಯಾಥೊಲಿಕ್ ಸಂಘವು ಮರುವರ್ಷದಿಂದ ಬಡವರಲ್ಲಿ ತಿಂಗಳಿಗೊಂದು ಪೆನ್ನಿಯಂತೆ ವಂತಿಗೆಯೆತ್ತಿ ಜನರನ್ನು ಒಂದುಗೂಡಿಸಿದ್ದಿತು. 1828ರ ಜುಲೈಯಲ್ಲಿ ಕ್ಲೇರ್ ಪ್ರಾಂತದ ಉಪಚುನಾವಣೆಗೆ ಅವನು ನಿಂತನು. ಎದುರಾಳಿ ಫಿಟ್ಸ್‌ಜೆರಾಲ್ಡನು ಕ್ಯಾಥೊಲಿಕರ ಹಿತೈಷಿಯೇ ಆಗಿದ್ದನೆಂಬುದು ವಿಚಿತ್ರ. ಒಕ್ಕಲುಗಳು ಪಾದ್ರಿಗಳೊಡನೆ ಬಂದು, ಒಡೆಯರ ಕಣ್ಣೆದುರಿಗೇ, ಹೊಲವನ್ನು ಕಳೆದುಕೊಳ್ಳುವ ಭಯವನ್ನು ತೊರೆದು ಓಕಾನೆಲ್ಲನ ಹೆಸರು ಹೇಳಿದರು. ಅವನಿಗೆ 2,057 ವೋಟುಗಳು, ಫಿಟ್ಸ್‌ಜೆರಾಲ್ಡನಿಗೆ 982.

ಅಂತರ್ಯುದ್ಧಕ್ಕೆ ಹೆದರಿ, ಬಹುಕಾಲದಿಂದ ಈ ಸುಧಾರಣೆಯನ್ನು ವಿರೋಧಿಸುತ್ತಿದ್ದ ವೆಲಿಂಗ್ಟನ್ ಮತ್ತು ಪೀಲರು ಮಣಿದರು. ಆದರೆ ವಿಮೋಚನಾ ಶಾಸನದೊಡನೆ ಅದೇ ದಿನ ಇನ್ನೊಂದು ಶಾಸನವೂ ಜಾರಿಗೆ ಬಂದಿತು: ಐರ್ಲೆಂಡಿನ ಪ್ರಾಂತಗಳಲ್ಲಿ ವೋಟಿನ ಅರ್ಹತೆಯು 40 ಷಿಲ್ಲಿಂಗಿನಿಂದ 10 ಪೌಂಡಿಗೆ ಏರಿತು. ಸುಮಾರು 2,16,000 ಇದ್ದ ಮತದಾರರು 37,000ಕ್ಕೆ ಇಳಿದರು. ಓಕಾನೆಲ್ಲನು ಇದನ್ನು ಖಂಡಿಸಿದನಾದರೂ ಹಟಹಿಡಿದು ಹೋರಾಡಲಿಲ್ಲ. 1825ರಲ್ಲಿಯೇ ಇಂತಹ ಷರತ್ತಿಗೆ ಅವನು ತಲೆದೂಗಿದ್ದನು.

ಹೊಸ ಶಾಸನವು ಮುಂದೆ ಆಯ್ಕೆಯಾಗುವವರಿಗೆ ಮಾತ್ರವೆಂದು 1829ರ ಮೇ ತಿಂಗಳಲ್ಲಿ ಓಕಾನೆಲ್ಲನ ಮುಂದೆ ಹಳೆಯ ಪ್ರಮಾಣವನ್ನೇ ಇಟ್ಟರು. ಅವನು ಅದನ್ನು ಓದಿ ನಿರಾಕರಿಸಿ ಹಿಂದಿರುಗಿದನು. ಜುಲೈಯಲ್ಲಿ ಕ್ಲೇರ್ ಅವನನ್ನು ಅವಿರೋಧವಾಗಿ ಮತ್ತೆ ಆರಿಸಿತು. ಹಿಂದಿನ ವರ್ಷ ಒಡೆಯರನ್ನು ಎದುರುಹಾಕಿಕೊಂಡು ಅವನ ಹೆಸರು ಹೇಳಿದ್ದ ಒಕ್ಕಲುಗಳಿಗೆ ಈ ಸಲ ವೋಟು ಇರಲಿಲ್ಲ.