ವಿದ್ಯಾರ್ಥಿಗೆ ತೆರೆದ ಮನೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳಲ್ಲಿ ಇಂದು ಶಾಲೆಗಳಿಗೆ ಕೊರತೆಯಿಲ್ಲ. ದೊಡ್ಡ ಹಳ್ಳಿಗಳಲ್ಲಿ ಪ್ರೌಢಶಾಲೆಗಳಿವೆ. ಪಟ್ಟಣಗಳಲ್ಲಿ ಕಾಲೇಜುಗಳೂ ವಿದ್ಯಾರ್ಥಿನಿಲಯಗಳೂ ಇವೆ. ನೂರು ವರ್ಷಗಳ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಮೂಡಲಗಿ ಆಗ ಗೋಕಾಕ ತಾಲೂಕಿನ ಒಂದು ಊರು. ಹಳ್ಳಿಯ ಹುಡುಗನು ಊರಿನ ಕನ್ನಡ ಶಾಲೆಯನ್ನು ಮುಗಿಸಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದನೆಂದರೆ ಅವನ ಓದು ಅಲ್ಲಿಗೇ ನಿಲ್ಲುವುದು ಸಾಮಾನ್ಯವಾಗಿತ್ತು. ಮುಂದೆ ಕಲಿಯಬೇಕಾದರೆ ಬುತ್ತಿಯ ಗಂಟು ಕಟ್ಟಿಕೊಂಡು ಪಟ್ಟಣಕ್ಕೆ ನಡೆಯಬೇಕಾಗಿತ್ತು. ಬುತ್ತಿ ಮುಗಿದ ಮೇಲೆ ಉಣ್ಣುವುದೆಲ್ಲಿ? ರಾತ್ರಿ ಮಲಗುವುದೆಲ್ಲಿ? ಜಾಣತನವಿದ್ದರೂ ಎಷ್ಟೋ ಮಂದಿ ಬಾಲಕರ ವಿದ್ಯೆ ಈ ಎರಡು ಪ್ರಶ್ನೆಗಳ ಮುಂದೆ ಸೋತು ಹೋಗುತ್ತಿತ್ತು.

ಈ ಪ್ರಶ್ನೆಗಳಿಗೆ ಕನ್ನಡ ನಾಡಿನ ಗೃಹಸ್ಥರು ಕಂಡುಕೊಂಡ ಉತ್ತರಗಳಲ್ಲಿ ಒಂದು ವಾರಾನ್ನ. ಪರಸ್ಥಳದಿಂದ ಬಂದ ಬಡ ವಿದ್ಯಾರ್ಥಿಯು ಪಟ್ಟಣದಲ್ಲಿ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹೀಗೆ ವಾರವಿಡೀ ಒಂದೊಂದು ದಿನ ಒಂದೊಂದು ಮನೆಯಲ್ಲಿ ಅವನ ಊಟ. ಮಲಗಲು ಒಬ್ಬರ ಜಗಲಿಯೋ ಗುಡಿಯ ಪೌಳಿಯೋ ಸಾಕಾಗುತ್ತಿತ್ತು. ಏಳನೆಯ ಮನೆ ದೊರೆಯದಿದ್ದರೆ ವಾರಕ್ಕೊಂದು ದಿನ ಉಪವಾಸ ತಪ್ಪುತ್ತಿರಲಿಲ್ಲ. ಒಂದೇ ಮನೆಯ ಮೇಲೆ ಪೂರ್ಣಭಾರ ಬೀಳಬಾರದು, ಹುಡುಗನ ಓದೂ ನಿಲ್ಲಬಾರದು ಎಂಬ ವಿವೇಕ ಈ ಪದ್ಧತಿಯಲ್ಲಿ ಅಡಗಿತ್ತು. ವಾರಾನ್ನ ಮಾಡಿಕೊಂಡು ಓದಿದವರು ಮುಂದೆ ಶಿಕ್ಷಕರಾಗಿ, ವಕೀಲರಾಗಿ, ವಿದ್ವಾಂಸರಾಗಿ ಹೆಸರು ಪಡೆದುದುಂಟು.

ವಾರದ ಹುಡುಗನಿಗೆ ಹಬ್ಬದ ಅಡಿಗೆಯನ್ನು ಯಾರೂ ಮಾಡುತ್ತಿರಲಿಲ್ಲ. ಮನೆಯವರು ಉಣ್ಣುವ ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆಗಳೇ ಅವನಿಗೂ ದೊರೆಯುತ್ತಿದ್ದವು. ಅವನು ಬಾವಿಯಿಂದ ನೀರು ಸೇದಿ ತರುತ್ತಿದ್ದನು. ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದನು. ಪರೀಕ್ಷೆಯ ಕಾಲದಲ್ಲಿ ಅವನಿಗೆ ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವ ತಾಯಂದಿರಿದ್ದರು. ವರ್ಷ ಕಳೆಯುವುದರೊಳಗೆ ಏಳು ಮನೆಗಳ ಸುಖದುಃಖ ಅವನಿಗೆ ತಿಳಿದಿರುತ್ತಿತ್ತು. ಬೇರೆಬೇರೆ ಮನೆಗಳ ರೀತಿಗೆ ಹೊಂದಿಕೊಂಡು ನಡೆಯುವ ಈ ಪಾಠವು ಯಾವ ಪುಸ್ತಕದಲ್ಲಿಯೂ ದೊರೆಯುವಂತಹುದಲ್ಲ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಇದೆ. ಎಲ್ಲ ಮನೆಗಳಲ್ಲಿಯೂ ಆದರ ಸಮನಾಗಿರುತ್ತಿರಲಿಲ್ಲ. ಹಂಗಿನ ಅನ್ನವೆಂದು ಎಣಿಸಿ ತಲೆತಗ್ಗಿಸಿ ಉಂಡೇಳುತ್ತಿದ್ದ ಹುಡುಗರೂ ಇದ್ದರು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ವಾರಾನ್ನದ ಬಾಗಿಲು ಹೆಚ್ಚಾಗಿ ಸ್ವಜಾತಿಯ ಹುಡುಗರಿಗೆ ಮಾತ್ರ ತೆರೆಯುತ್ತಿತ್ತು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಗನು ಎಷ್ಟೇ ಜಾಣನಾಗಿರಲಿ, ಅವನಿಗಾಗಿ ಮಣೆ ಹಾಕುವ ಏಳು ಮನೆಗಳು ಪಟ್ಟಣದಲ್ಲಿ ಇರಲಿಲ್ಲ. ಹೆಣ್ಣುಮಕ್ಕಳಂತೂ ವಾರಾನ್ನಕ್ಕೆ ಹೊರಡುವ ಮಾತೇ ಇರಲಿಲ್ಲ.

ಈ ಕೊರತೆಯನ್ನು ನೀಗಲು ಕೆಲವರು ಮುಂದಾದರು. ಹುಕ್ಕೇರಿ ಸೀಮೆಗೆ ನೆರೆಯ ಕೊಲ್ಲಾಪುರದಲ್ಲಿ ಛತ್ರಪತಿ ಶಾಹು ಮಹಾರಾಜರು 1901ರಲ್ಲಿ ವಿದ್ಯಾರ್ಥಿನಿಲಯವನ್ನು ಆರಂಭಿಸಿದರು. ಮುಂದೆ ಜೈನ, ಲಿಂಗಾಯತ, ಮುಸಲ್ಮಾನ ಮತ್ತು ದಲಿತ ವಿದ್ಯಾರ್ಥಿಗಳಿಗಾಗಿಯೂ ಅಲ್ಲಿ ನಿಲಯಗಳು ತಲೆಯೆತ್ತಿದವು. ಕರ್ಮವೀರ ಭಾವುರಾವ್ ಪಾಟೀಲರು ಇನ್ನೊಂದು ಹೆಜ್ಜೆ ಮುಂದೆ ಹೋದರು. 1924ರಲ್ಲಿ ಅವರು ಸಾತಾರೆಯಲ್ಲಿ ತೆರೆದ ನಿಲಯದಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಕನ್ನಡ ನಾಡಿನಲ್ಲಿ ಅನೇಕ ಮಠಗಳು ಈ ಹೊಣೆಯನ್ನು ಹೊತ್ತವು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು ಗೋಕಾಕದಲ್ಲಿ ಓದುತ್ತಿದ್ದಾಗ ಬಡತನದಿಂದ ಶಾಲೆಯನ್ನು ಬಿಡಬೇಕಾಯಿತು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಅವರ ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿಕೊಂಡರು. ಹೀಗೆ ಓದು ಮುಂದುವರಿಸಿದ ಬಾಲಕನು ಕನ್ನಡದ ಕವಿಯೂ ನಾಟಕಕಾರನೂ ಆಗಿ ಬೆಳೆದು, ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದನು; ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದನು; 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರನಾದನು. ಸಕಾಲದಲ್ಲಿ ದೊರೆತ ಆಸರೆಯ ಬೆಲೆಯನ್ನು ಅಳೆಯಲು ಈ ಒಂದು ನಿದರ್ಶನ ಸಾಕು.

ವಾರಾನ್ನದ ಹುಡುಗನು ಕೆಲವು ಹರದಾರಿ ದೂರದಿಂದ ಬಂದವನು. ಸಾವಿರಾರು ಮೈಲಿಗಳಾಚೆಯಿಂದ ಬಂದ ವಿದ್ಯಾರ್ಥಿಗೂ ಮನೆಯ ಬಾಗಿಲನ್ನು ತೆರೆಯಬಹುದೆಂಬುದನ್ನು ಇಪ್ಪತ್ತನೆಯ ಶತಮಾನವು ಕಂಡಿತು. ಈ ಆಲೋಚನೆ ಮೂಡಿದುದು ಯುದ್ಧದ ನೋವಿನಿಂದ. ಎರಡು ಮಹಾಯುದ್ಧಗಳಲ್ಲಿಯೂ ಅಮೆರಿಕನ್ ಫೀಲ್ಡ್ ಸರ್ವಿಸ್ ಎಂಬ ಸಂಸ್ಥೆಯ ಸ್ವಯಂಸೇವಕರು ಆಂಬುಲೆನ್ಸ್ ನಡೆಸಿ ಗಾಯಾಳುಗಳನ್ನು ಸಾಗಿಸಿದ್ದರು. ಗಾಯಗೊಂಡವರನ್ನು ಎತ್ತಿ ತರುವುದಕ್ಕಿಂತ, ಗಾಯವೇ ಆಗದಂತೆ ಜನರನ್ನು ಪರಸ್ಪರ ಪರಿಚಯಿಸುವುದು ಮೇಲೆಂದು ಯುದ್ಧಾನಂತರ ಅವರಿಗೆ ತೋರಿತು. ಸ್ಟೀಫನ್ ಗಲಾಟಿ ಎಂಬವರ ನೇತೃತ್ವದಲ್ಲಿ ಅವರು ಹೈಸ್ಕೂಲು ವಿದ್ಯಾರ್ಥಿಗಳ ವಿನಿಮಯವನ್ನು ಆರಂಭಿಸಿದರು. 1947–48ರ ಶಾಲಾವರ್ಷದಲ್ಲಿ 10 ದೇಶಗಳ 52 ವಿದ್ಯಾರ್ಥಿಗಳು ಅಮೆರಿಕಕ್ಕೆ ಬಂದರು. ರೋಟರಿ ಸಂಸ್ಥೆಯೂ ಇಂತಹ ವಿನಿಮಯವನ್ನು ನಡೆಸುತ್ತ ಬಂದಿದೆ. 2002ರಲ್ಲಿ ಅಮೆರಿಕದ ಸರಕಾರವು ಸ್ಥಾಪಿಸಿದ ಕೆನಡಿ-ಲೂಗರ್ ಯೋಜನೆಯ ಮೂಲಕ ಭಾರತದ ಹೈಸ್ಕೂಲು ವಿದ್ಯಾರ್ಥಿಗಳೂ ಅಲ್ಲಿನ ಕುಟುಂಬಗಳಲ್ಲಿದ್ದು ಕಲಿತು ಬಂದಿದ್ದಾರೆ.

ಈ ವಿನಿಮಯದ ಕ್ರಮವನ್ನು ನೋಡಿದರೆ ವಾರಾನ್ನದ ನೆನಪಾಗದಿರದು. ಸುಮಾರು ಹದಿನೈದರಿಂದ ಹದಿನೆಂಟು ವರ್ಷದೊಳಗಿನ ವಿದ್ಯಾರ್ಥಿಯು ಒಂದು ಶಾಲಾವರ್ಷದವರೆಗೆ ಪರದೇಶದ ಕುಟುಂಬವೊಂದರಲ್ಲಿ ಇರುತ್ತಾನೆ; ಅಲ್ಲಿನ ಶಾಲೆಗೆ ಹೋಗುತ್ತಾನೆ. ಸಾಮಾನ್ಯವಾಗಿ ಆತಿಥೇಯರು ಹಣದ ಆಸೆಯಿಲ್ಲದೆ ಅವನನ್ನು ಇರಿಸಿಕೊಳ್ಳುತ್ತಾರೆ. ರೋಟರಿಯ ವಿನಿಮಯದಲ್ಲಿ ವಿದ್ಯಾರ್ಥಿಯು ವರ್ಷದೊಳಗೆ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಸರದಿಯಂತೆ ಇರುವುದು ರೂಢಿ. ವಾರಾನ್ನವು ಹಸಿವನ್ನು ಹಿಂಗಿಸಲು ಹುಟ್ಟಿತು. ಇದು ಅಪರಿಚಯವನ್ನು ಹಿಂಗಿಸಲು ಹುಟ್ಟಿತು. ಉದ್ದೇಶ ಬೇರೆಯಾದರೂ ನಿಯಮ ಒಂದೇ: ಬಂದವನನ್ನು ಅತಿಥಿಯಂತೆ ಪೂಜಿಸದೆ ಮನೆಯ ಮಗುವಿನಂತೆ ನಡೆಸಿಕೊಳ್ಳಬೇಕು, ಅವನೂ ಮನೆಯ ಕೆಲಸದಲ್ಲಿ ಕೈಗೂಡಿಸಬೇಕು, ಮನೆಯ ಕಟ್ಟಳೆಯನ್ನು ಪಾಲಿಸಬೇಕು.

ಗೋಕಾಕದ ಒಂದು ಮನೆಗೆ ಇಂತಹ ವಿದ್ಯಾರ್ಥಿನಿಯೊಬ್ಬಳು ಬಂದಿರುವಳೆಂದು ಕಲ್ಪಿಸಿಕೊಳ್ಳಬಹುದು. ಮೊದಲ ವಾರ ಎಲ್ಲವೂ ಹೊಸದು, ಎಲ್ಲವೂ ಸೊಗಸು. ಘಟಪ್ರಭೆಯ ಜಲಪಾತವನ್ನು ಕಂಡು ಅವಳು ಬೆರಗಾಗುತ್ತಾಳೆ, ಕರದಂಟನ್ನು ಸವಿಯುತ್ತಾಳೆ. ಕೆಲವು ದಿನಗಳು ಕಳೆದ ಮೇಲೆ ಊರಿನ ನೆನಪು ಕಾಡತೊಡಗುತ್ತದೆ. ಖಾರ ಹೆಚ್ಚೆನಿಸುತ್ತದೆ, ಮಾತು ತಿಳಿಯದೆ ಬೇಸರವಾಗುತ್ತದೆ. ಮನೆಯ ತಾಯಿಯ ತಾಳ್ಮೆ ಒರೆಗೆ ಹತ್ತುವುದು ಆಗಲೇ. ಬಲಗೈಯಿಂದ ರೊಟ್ಟಿ ಮುರಿಯುವುದನ್ನು, ಪಾದರಕ್ಷೆಯನ್ನು ಹೊಸ್ತಿಲ ಹೊರಗೆ ಬಿಡುವುದನ್ನು ಅವಳಿಗೆ ಮೆಲ್ಲನೆ ಕಲಿಸಬೇಕಾಗುತ್ತದೆ. ಹೊರಡುವಾಗ "ಹೋಗುತ್ತೇನೆ" ಎನ್ನದೆ "ಹೋಗಿ ಬರುತ್ತೇನೆ" ಎನ್ನಬೇಕೇಕೆ ಎಂದು ಅವಳು ಕೇಳುತ್ತಾಳೆ. ಹುಟ್ಟಿದಾಗಿನಿಂದ ಆ ಮಾತನ್ನಾಡಿದವರು ಅದರ ಅರ್ಥವನ್ನು ಮೊದಲ ಸಲ ಯೋಚಿಸುವುದು ಆಗ. ಹೀಗೆ ಪರದೇಶದ ಮಗುವು ಆತಿಥೇಯರಿಗೆ ಅವರ ಮನೆಯನ್ನೇ ಪರಿಚಯಿಸುತ್ತದೆ.

ಎಲ್ಲ ಪ್ರಶ್ನೆಗಳೂ ಇಷ್ಟು ಸುಲಭವಾಗಿರುವುದಿಲ್ಲ. ಹೊಲದ ಕೆಲಸಕ್ಕೆ ಬಂದವನಿಗೆ ಬೇರೆ ಲೋಟದಲ್ಲಿ ಚಹಾ ಕೊಡುವ ಮನೆಯಾಗಿದ್ದರೆ, ಅದೇಕೆ ಹೀಗೆಂದು ಅವಳು ಕೇಳದೆ ಇರುವಳೆ? ಅಣ್ಣನು ಆಟಕ್ಕೆ ಹೊರಟಾಗ ತಂಗಿಯು ಪಾತ್ರೆ ತಿಕ್ಕುತ್ತ ಕುಳಿತಿರುವುದೇಕೆಂದು ಕೇಳಿದರೆ ಉತ್ತರವೇನು? ಅಂತಹ ಪ್ರಶ್ನೆಗೆ ಸಿಟ್ಟಾಗುವುದು ಸುಲಭ. ಅದನ್ನು ಕೇಳಿಸಿಕೊಂಡು ಮನೆಯ ರೀತಿಯನ್ನು ತಿದ್ದಿಕೊಳ್ಳುವುದರಲ್ಲಿ ಆತಿಥ್ಯದ ಹಿರಿಮೆಯಿದೆ.

ವಾರಾನ್ನದ ಮನೆಗಳು ಹಸಿದ ಹುಡುಗನಿಗೆ ಅನ್ನವಿಕ್ಕಿ ಪುಣ್ಯ ಕಟ್ಟಿಕೊಂಡವು. ಆದರೆ ಯಾರ ಹಸಿವಿಗೆ ಬಾಗಿಲು ಮುಚ್ಚಿದೆಯೆಂಬುದನ್ನು ನೋಡಲಿಲ್ಲ. ಇಂದಿನ ಮನೆಗಳು ಆ ತಪ್ಪನ್ನು ಮಾಡಬೇಕಾಗಿಲ್ಲ. ಕಡಲಾಚೆಯಿಂದ ಬಂದ ವಿದ್ಯಾರ್ಥಿಗೆ ನಗುಮೊಗದಿಂದ ತಟ್ಟೆಯಿಡುವ ಕೈ, ಓಣಿಯಾಚೆಯಿಂದ ಬಂದ ಸಹಪಾಠಿಗೂ ಅದೇ ಪಂಕ್ತಿಯಲ್ಲಿ ತಟ್ಟೆಯಿಟ್ಟಾಗ, ಮನೆಯು ನಿಜವಾಗಿ ತೆರೆದಂತಾಗುತ್ತದೆ.