ಗಾಡಿಗೆ ಹೇರುವುದೇನು, ಕೈಯಲ್ಲಿ ಒಯ್ಯುವುದೇನು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಸ್ವಂತ ಮನೆಯಲ್ಲಿ ವಾಸವಾಗಿದ್ದವರೇ ಇರಬೇಕು. ಬಾಡಿಗೆಯ ಮನೆಯಲ್ಲಿ ಸಂಸಾರ ಹೂಡಿದವರಾಗಿದ್ದರೆ ‘ಮನೆ ಬದಲಿಸಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸದೆ ಬಿಡುತ್ತಿರಲಿಲ್ಲ.

ಬೀದರ ಜಿಲ್ಲೆಯ ಬಸವಕಲ್ಯಾಣದಿಂದ ಹುಮನಾಬಾದಿಗೆ ಬಹು ದೂರವೇನೂ ಇಲ್ಲ. ಸಸ್ತಾಪುರದ ಬಳಿ ಹೆದ್ದಾರಿಗೆ ಬಂದು ಪೂರ್ವಕ್ಕೆ ತಿರುಗಿದರೆ ಗಂಟೆಯೊಳಗೆ ಮುಟ್ಟಬಹುದು. ವರ್ಗವಾದ ಶಿಕ್ಷಕರು, ಬ್ಯಾಂಕಿನ ನೌಕರರು, ಅಂಗಡಿ ಬದಲಿಸಿದ ವರ್ತಕರು ವರ್ಷವರ್ಷವೂ ಈ ಹಾದಿಯಲ್ಲಿ ಬಿಡಾರ ಸಾಗಿಸುತ್ತಲೇ ಇರುತ್ತಾರೆ. ‘ಇಲ್ಲೇ ಹತ್ತಿರವಲ್ಲವೆ, ಮರೆತುದನ್ನು ನಾಳೆ ತಂದರಾಯಿತು’ ಎಂಬ ಧೈರ್ಯವೇ ಇಂಥ ಸಾಗಾಟದ ದೊಡ್ಡ ಶತ್ರು. ನೂರಾರು ಮೈಲಿ ಹೋಗುವವನು ಹತ್ತು ದಿನ ಮೊದಲೇ ಗಂಟು ಕಟ್ಟುತ್ತಾನೆ. ಹತ್ತಿರ ಹೋಗುವವನು ಟೆಂಪೊ ಬಾಗಿಲಿಗೆ ಬಂದ ಮೇಲೆ ಹಗ್ಗ ಹುಡುಕುತ್ತಾನೆ.

ಸಾಮಾನು ಸಾಗಿಸುವುದು ಕಠಿಣವಲ್ಲ. ಯಾವುದನ್ನು ಗಾಡಿಗೆ ಹೇರಬೇಕು, ಯಾವುದನ್ನು ಕೈಬಿಡದೆ ಒಯ್ಯಬೇಕು ಎಂಬ ವಿವೇಕವೇ ಕಠಿಣ. ಆ ವಿವೇಕವನ್ನು ಕಲಿಸಲು ಕಲ್ಯಾಣಕ್ಕಿಂತ ತಕ್ಕ ಊರು ಇನ್ನೊಂದಿಲ್ಲ. 12ನೆಯ ಶತಮಾನದಲ್ಲಿ ಬಿಜ್ಜಳನ ಆಳ್ವಿಕೆಯ ಕೊನೆಗೆ ಕ್ಷೋಭೆಯೆದ್ದು, ಶರಣರು ಈ ಪಟ್ಟಣವನ್ನು ತೊರೆದು ಹೊರಡಬೇಕಾಯಿತು. ಚೆನ್ನಬಸವಣ್ಣನವರೊಡನೆ ಉತ್ತರ ಕನ್ನಡದ ಉಳವಿಯ ಕಡೆಗೆ ನಡೆದವರು ವಚನಗಳ ಓಲೆಕಟ್ಟುಗಳನ್ನು ಕಾಪಾಡಿಕೊಂಡು ಹೋದರೆಂದು ಪರಂಪರೆ ಹೇಳುತ್ತದೆ. ಅಂದು ಬಿಟ್ಟುಹೋದ ಪಾತ್ರೆಪದಾರ್ಥಗಳ ಲೆಕ್ಕವನ್ನು ಇಂದು ಕೇಳುವವರಿಲ್ಲ. ಓಲೆಗಳು ಹೋಗಿದ್ದರೆ ಕನ್ನಡಿಗರು ಕಳೆದುಕೊಳ್ಳುತ್ತಿದ್ದುದೆಷ್ಟು!

ಪ್ರತಿಯೊಂದು ಸಂಸಾರಕ್ಕೂ ತನ್ನದೇ ಆದ ಓಲೆಕಟ್ಟು ಒಂದುಂಟು. ಜನನದ ದಾಖಲೆ, ಜಾತಿ ಪ್ರಮಾಣ ಪತ್ರ, ಅಂಕಪಟ್ಟಿ, ಹೊಲದ ಪಹಣಿ, ಮನೆಯ ಖರೀದಿ ಪತ್ರ, ಬ್ಯಾಂಕಿನ ಪುಸ್ತಕ, ಬಾಡಿಗೆಯ ಕರಾರು, ಕಾಯಿಲೆಯವರಿದ್ದರೆ ಅವರ ಚೀಟಿ ಮತ್ತು ಔಷಧ, ಇವು ಯಾವುವೂ ಟ್ರಂಕಿನ ತಳದಲ್ಲಿ ಹೋಗತಕ್ಕವಲ್ಲ. ಒಂದು ಕೈಚೀಲದಲ್ಲಿ, ಒಡವೆಯ ಜೊತೆಯಲ್ಲಿ, ಮನೆಯ ಒಬ್ಬರ ಹೆಗಲಿನ ಮೇಲೆಯೇ ಇರಬೇಕು. ಆ ಒಬ್ಬರಿಗೆ ಅಂದು ಬೇರೆ ಯಾವ ಕೆಲಸವನ್ನೂ ಹೇಳಬಾರದು.

ಈ ಸೀಮೆಯಲ್ಲಿ ಕಾಗದಗಳ ವಿಷಯ ಇನ್ನೂ ಒಂದು ಕಾರಣದಿಂದ ಸೂಕ್ಷ್ಮವಾದುದು. ಇಲ್ಲಿಯ ಜನರು ಮನೆ ಬಿಟ್ಟು ಕದಲದಿದ್ದರೂ ರಾಜ್ಯ ಬದಲಿಸಿದವರು. 1956ರ ಅಕ್ಟೋಬರ್ 31ರ ರಾತ್ರಿ ಹೈದರಾಬಾದ್ ರಾಜ್ಯದಲ್ಲಿ ಮಲಗಿದವರು ಮರುದಿನ ಮೈಸೂರು ರಾಜ್ಯದಲ್ಲಿ ಎದ್ದರು. ಅದೇ ದಿನ ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದು, ನಾರಾಯಣಖೇಡಗಳು ಆಂಧ್ರ ಪ್ರದೇಶಕ್ಕೂ ಸೇರಿದವು. ಆದುದರಿಂದ ಅಜ್ಜನ ಹೊಲದ ಕಾಗದ ಒಂದು ರಾಜ್ಯದಲ್ಲಿ, ಅಜ್ಜಿಯ ತವರಿನದು ಇನ್ನೊಂದರಲ್ಲಿ ಇರುವ ಮನೆತನಗಳುಂಟು. ನಿಜಾಮರ ಕಾಲದ ಕಂದಾಯದ ಪತ್ರಗಳು ಉರ್ದುವಿನಲ್ಲಿವೆ. ಇಂದಿನ ಹುಡುಗರಿಗೆ ಅದು ಓದಲು ಬಾರದು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಹಳದಿಯಾದ ಆ ಹಾಳೆಗಳು ಹಳೆಯ ಪತ್ರಿಕೆಗಳ ಜೊತೆಗೆ ರದ್ದಿಯವನ ತಕ್ಕಡಿಗೆ ಬೀಳುತ್ತವೆ. ಗಡಿ ತಕರಾರು ನ್ಯಾಯಾಲಯಕ್ಕೆ ಹೋದಾಗಲೇ ಅವುಗಳ ನೆನಪು! ಓದಲಾರದ ಕಾಗದವೆಲ್ಲ ರದ್ದಿಯಲ್ಲ. ಉರ್ದು ಬಲ್ಲ ಹಿರಿಯರೊಬ್ಬರಿಗೆ ತೋರಿಸಿ, ಏನೆಂದು ಕೇಳಿ, ಮೇಲೊಂದು ಕನ್ನಡದ ಚೀಟಿ ಅಂಟಿಸಿ ಕಟ್ಟಿಡಿರಿ.

ಮಕ್ಕಳ ಕಾಗದಗಳಂತೂ ಮುಖ್ಯ. ಸಂವಿಧಾನದ 2012ರ 98ನೆಯ ತಿದ್ದುಪಡಿಯಿಂದ ಬಂದ 371 ಜೆ ವಿಧಿಯು ಈ ಭಾಗದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಗೆ ದಾರಿ ತೆರೆಯಿತು. ಅದರ ಅರ್ಹತಾ ಪತ್ರವನ್ನು ಕೊಡುವವರು ಉಪವಿಭಾಗಾಧಿಕಾರಿಗಳು. ಹುಟ್ಟು, ವಾಸ, ವಿದ್ಯಾಭ್ಯಾಸಗಳ ದಾಖಲೆ ತೋರಿಸಬೇಕಾಗುತ್ತದೆ. ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ ಪಡೆಯುವಾಗಲೇ ವ್ಯಾಸಂಗದ ಪ್ರಮಾಣ ಪತ್ರವನ್ನೂ ಕೇಳಿಕೊಳ್ಳುವುದು ಜಾಣತನ. ವರ್ಗಾವಣೆ ಪತ್ರ ತಡವಾಯಿತೆಂದು ಎಂಟನೆಯ ತರಗತಿಯವರೆಗಿನ ಮಗುವಿಗೆ ಸರಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ; 2009ರ ಶಿಕ್ಷಣ ಹಕ್ಕಿನ ಕಾಯಿದೆ ಹಾಗೆಂದು ಹೇಳುತ್ತದೆ.

ಇನ್ನುಳಿದ ಕಚೇರಿಯ ಕೆಲಸಗಳು ಅಷ್ಟು ತೊಡಕಿನವಲ್ಲ. ಬಸವಕಲ್ಯಾಣ, ಹುಮನಾಬಾದುಗಳು ಬೇರೆ ಬೇರೆ ವಿಧಾನಸಭಾ ಕ್ಷೇತ್ರಗಳಾದ್ದರಿಂದ ಮತದಾರರ ಪಟ್ಟಿಗೆ ನಮೂನೆ 8 ತುಂಬಬೇಕು. ಪಡಿತರಕ್ಕೆ ಚಿಂತೆಯಿಲ್ಲ, ಹೊಸ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳೊತ್ತಿ ಪಡೆಯಬಹುದು. ಬಾಡಿಗೆದಾರರು ಮರೆಯುವುದು ವಿದ್ಯುತ್ತಿನದು. 2023ರಲ್ಲಿ ಆರಂಭವಾದ ಗೃಹಜ್ಯೋತಿಗೆ ಹೆಸರು ನೋಂದಾಯಿಸಿದವರ ಆಧಾರ್ ಸಂಖ್ಯೆ ಹಳೆಯ ಮನೆಯ ಆರ್.ಆರ್. ಸಂಖ್ಯೆಗೆ ಜೋಡಣೆಯಾಗಿರುತ್ತದೆ. ಅದನ್ನು ಸೇವಾಸಿಂಧುವಿನಲ್ಲಿ ಬಿಡಿಸಿಕೊಂಡಲ್ಲದೆ ಹೊಸ ಮನೆಗೆ ಸೌಲಭ್ಯ ದೊರೆಯದು. ಗಡಿ ದಾಟಿ ಉಮರ್ಗಾಕ್ಕೋ ಜಹೀರಾಬಾದಿಗೋ ಹೋಗುವವರು ಮೋಟಾರು ಸೈಕಲ್ಲಿಗೆ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆದಿರಲಿ. ವರ್ಷ ಮೀರಿ ಅಲ್ಲಿಯೇ ಇಟ್ಟುಕೊಳ್ಳುವುದಾದರೆ ಆ ರಾಜ್ಯದ ಸಂಖ್ಯೆ ಬೇಕಾಗುತ್ತದೆ.

ಅಡುಗೆ ಅನಿಲದ ಸಿಲಿಂಡರನ್ನು ಸಾಮಾನಿನ ನಡುವೆ ತುರುಕಿ ಒಯ್ಯುವ ಸಾಹಸ ಬೇಡ. ಬೇರೆ ಊರಿಗೆ ಹೋಗುವವರು ಅದನ್ನೂ ರೆಗ್ಯುಲೇಟರನ್ನೂ ಹಳೆಯ ವಿತರಕರಿಗೆ ಒಪ್ಪಿಸಿ, ಠೇವಣಿಯ ಹಣವನ್ನೂ ವರ್ಗಾವಣೆಯ ಚೀಟಿಯನ್ನೂ ಪಡೆದರೆ ಹೊಸ ಊರಿನಲ್ಲಿ ಸಂಪರ್ಕ ದೊರೆಯುತ್ತದೆ. ಒಲೆಯೊಂದೇ ನಿಮ್ಮೊಡನೆ ಬರಲಿ.

ಇದಕ್ಕಿಂತ ದೊಡ್ಡ ಅಪಾಯ ಕಣ್ಣೆದುರಿಗೇ ಇದೆ. ಹೇರಿದ ಟೆಂಪೊದ ಮೇಲೆ, ಗಾದಿಯ ಸುರುಳಿಗೆ ಒರಗಿ, ಹೆಂಗಸರು ಮಕ್ಕಳು ಕುಳಿತು ಹೋಗುವ ದೃಶ್ಯ ನಮ್ಮಲ್ಲಿ ಅಪರೂಪವಲ್ಲ. ಬಸ್ಸಿನ ಹಣ ಉಳಿಯಿತೆಂಬ ಸಂತೋಷ ಬೇರೆ! ಆದರೆ ಇದು ಪುಣೆ, ಸೋಲಾಪುರ, ಹೈದರಾಬಾದುಗಳನ್ನು ಕೂಡಿಸುವ 65ನೆಯ ರಾಷ್ಟ್ರೀಯ ಹೆದ್ದಾರಿ. ಹಗಲಿರುಳೂ ಭಾರಿ ಲಾರಿಗಳು ಓಡುವ ಹಾದಿ. ಒಂದು ಹಠಾತ್ ಬ್ರೇಕಿಗೆ ಅಲಮಾರಿ ಜಾರಿದರೆ ಕೆಳಗಿದ್ದವರ ಗತಿಯೇನು? ಸರಕಿನ ವಾಹನದಲ್ಲಿ ಜನರನ್ನು ಕೂರಿಸುವುದು ಕಾನೂನಿಗೂ ವಿರುದ್ಧ; ಅವಘಡವಾದರೆ ವಿಮೆಯ ಪರಿಹಾರಕ್ಕೂ ತಕರಾರು ಬರುತ್ತದೆ. ಸಾಮಾನು ಟೆಂಪೊದಲ್ಲಿ, ಸಂಸಾರ ಬಸ್ಸಿನಲ್ಲಿ.

ಹೇರುವ ಕ್ರಮವನ್ನು ಹಮಾಲರಿಗೆ ಕಲಿಸಬೇಕಾಗಿಲ್ಲ. ಗೃಹಿಣಿ ನಾಲ್ಕು ಮಾತು ಹೇಳಿದರೆ ಸಾಕು. ಹಿಂದಿನ ದಿನವೇ ಹೊಸ ಮನೆಯ ಬಾಗಿಲಿನ ಅಗಲಕ್ಕೆ ಒಂದು ದಾರ ಹಿಡಿದು ಬಂದು ಅಲಮಾರಿಗೆ ಅಳೆದು ನೋಡಬೇಕು. ಬಸವಕಲ್ಯಾಣದ ಹಳೆಯ ಓಣಿಗಳಲ್ಲಿ ಟೆಂಪೊ ಬಾಗಿಲಿನ ತನಕ ಬಾರದು. ಎಷ್ಟು ದೂರ ಹೊರಬೇಕೆಂಬುದನ್ನು ಮೊದಲೇ ತೋರಿಸಿ ಕೂಲಿ ಮಾತಾಡಿದರೆ ಆಮೇಲೆ ಜಗಳವಿಲ್ಲ. ಭಾರವಾದುದು ಮುಂದೆ, ಚಾಲಕನ ಬೆನ್ನಿಗೆ. ಜೋಳದ ಚೀಲ ಕೆಳಗೆ. ಕನ್ನಡಿ, ಪಟಗಳನ್ನು ಮಲಗಿಸದೆ ನಿಲ್ಲಿಸಿ, ಎರಡರ ನಡುವೆ ಕೌದಿ ಇಡಬೇಕು. ಅಜ್ಜಿ ಹೊಲಿದ ಹಳೆಯ ಕೌದಿಗಿಂತ ಒಳ್ಳೆಯ ಮೆತ್ತೆಯನ್ನು ಯಾವ ಕಂಪನಿಯೂ ಮಾರುವುದಿಲ್ಲ. ಉಪ್ಪಿನಕಾಯಿಯ ಭರಣಿಯ ಬಾಯಿಗೆ ಬಟ್ಟೆ ಬಿಗಿದು, ಪುಟ್ಟಿಯಲ್ಲಿ ತೊಗರಿಯ ಹೊಟ್ಟು ತುಂಬಿ ಹೂಳಿದರೆ ಮಿಸುಕದು. ಫ್ರಿಜ್ಜನ್ನು ನೆಟ್ಟಗೆ ಒಯ್ದು, ಇಳಿಸಿದ ಮೇಲೆ ಕೆಲವು ತಾಸು ಬಿಟ್ಟು ಚಾಲೂ ಮಾಡಬೇಕು. ಇನ್ವರ್ಟರಿನ ಬ್ಯಾಟರಿ ವಾಲಿದರೆ ಆಮ್ಲ ಸೋರಿ ಬಟ್ಟೆಯನ್ನೆಲ್ಲ ಸುಡುತ್ತದೆ.

ಕಾಲದ ಮಾತು ಒಂದಿಷ್ಟು. ಆಷಾಢದಲ್ಲಿ ಹೊಸ ಮನೆಗೆ ಹೋಗಬಾರದೆಂಬ ನಂಬಿಕೆಯಿಂದ ಜನರೆಲ್ಲ ಬೇಸಿಗೆಯ ರಜೆಗೇ ಮುಗಿಬೀಳುತ್ತಾರೆ. ಮೇ ತಿಂಗಳ ಬಿಸಿಲಿನಲ್ಲಿ ಹೊರಡುವುದಾದರೆ ನಸುಕಿನಲ್ಲಿಯೇ ಹೇರಿ ಮುಗಿಸುವುದು ಲೇಸು. ನೀರು ಯಾವ ದಿನ, ಯಾವ ಹೊತ್ತಿಗೆ ಬರುತ್ತದೆಂದು ಹೊಸ ಮನೆಯ ನೆರೆಯವರನ್ನು ಮೊದಲೇ ಕೇಳಿ, ಒಂದು ಹಂಡೆ ತುಂಬಿಸಿಟ್ಟಿರಬೇಕು.

ಕಡೆಗೆ ಮೊದಲ ರಾತ್ರಿಯ ಗಂಟು. ಹಾಸಿಗೆ ಒಂದೆರಡು, ಬೆಂಕಿಪೆಟ್ಟಿಗೆ, ಬಲ್ಬು, ಚಾಕು, ತಂಬಿಗೆ, ಹಾಲು ಉಕ್ಕಿಸಲು ಒಂದು ಪಾತ್ರೆ. ಇದು ಎಲ್ಲಕ್ಕಿಂತ ಕೊನೆಗೆ ಹೇರಿ ಎಲ್ಲಕ್ಕಿಂತ ಮೊದಲು ಇಳಿಸುವ ಗಂಟು. ಇದರೊಳಗೆ ಹಿಂದಿನ ದಿನ ಬಡಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಈರುಳ್ಳಿ ಇದ್ದರೆ ಒಲೆ ಹೊತ್ತುವವರೆಗೆ ಯಾರೂ ಹಸಿಯುವುದಿಲ್ಲ. ರೊಟ್ಟಿಯನ್ನು ಎಣಿಸುವಾಗ ಹಮಾಲರನ್ನೂ ಚಾಲಕನನ್ನೂ ಸೇರಿಸಿ ಎಣಿಸಿರಿ.