ಸಂಗೀತಮಂದಿರದ ಮುಂದಣ ಬಯಲು

ಮನೆಯ ಮುಂದಣ ತೆರವನ್ನು ಕನ್ನಡಿಗರು ಅಂಗಳವೆನ್ನುವರು. ಊರೊಳಗೆ ಬೀದಿಗಳು ಕೂಡುವೆಡೆಯನ್ನು ಚೌಕವೆನ್ನುವರು. ಎಲ್ಲೆಕಟ್ಟಿಲ್ಲದ ವಿಸ್ತಾರವಾದ ತೆರವನ್ನು ಬಯಲೆನ್ನುವರು. ಇವುಗಳಲ್ಲಿ ಬಯಲೆಂಬ ಮಾತಿಗೆ ಒಂದು ವಿಶೇಷವುಂಟು. ಅದು ಬರಿದನ್ನು ಸೂಚಿಸತಕ್ಕ ಶಬ್ದವಾದರೂ ಬಯಲಾಟವೆಂಬ ಸಮಾಸದಲ್ಲಿ ಆ ಬರಿದೇ ರಂಗಸ್ಥಳವಾಗಿ ಪರಿಣಮಿಸುತ್ತದೆ. ಸಂಗೀತಮಂದಿರದ ಸುತ್ತಣ ಸಾರ್ವಜನಿಕ ಚೌಕವನ್ನು ಹೇಗೆ ರಚಿಸಬೇಕು, ಗಿಡಮರಗಳಿಂದ ತುಂಬಬೇಕೆ, ತೆರವಾಗಿಯೇ ಬಿಡಬೇಕೆ ಎಂಬ ಪ್ರಶ್ನೆಯನ್ನು ವಿಚಾರಿಸುವಾಗ ಈ ಮಾತು ಜ್ಞಾಪಕದಲ್ಲಿರುವುದು ಒಳ್ಳೆಯದು. ಹಾಲೆಂಡಿನ ರಾಟರ್‌ಡಾಮ್ ನಗರದಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರವನ್ನು ಇಲ್ಲಿ ವಿವರಿಸಲಾಗುವುದು.

1940ನೆಯ ಇಸವಿ ಮೇ 14ರಂದು ಜರ್ಮನ್ ವಿಮಾನಗಳು ಹಾಕಿದ ಬಾಂಬುಗಳಿಂದಲೂ ಅನಂತರ ಹಬ್ಬಿದ ಬೆಂಕಿಯಿಂದಲೂ ಆ ನಗರದ ನಡುಭಾಗವು ಬಹುಮಟ್ಟಿಗೆ ನಾಶವಾಯಿತು. ಸುಮಾರು 80,000 ಮಂದಿ ಮನೆಯಿಲ್ಲದವರಾದರು. ‘ದ ದೂಲೆನ್’ ಎಂಬ ಸಂಗೀತಮಂದಿರವೂ ಅಂದು ಹೋಯಿತು. ಅದೇ ಹೆಸರಿನ ಹೊಸ ಮಂದಿರವು 1966ರಲ್ಲಿ ತೆರೆಯಿತು. ಅದರ ದೊಡ್ಡ ಸಭಾಂಗಣದಲ್ಲಿ ಸುಮಾರು 2200 ಮಂದಿ ಕುಳಿತು ಕೇಳಬಹುದು. ಇದರ ಮುಂದಣ ಚೌಕಕ್ಕೆ ‘ಸ್ಖೌಬುರ್ಖ್‌ಪ್ಲೈನ್’, ಎಂದರೆ ನಾಟಕಶಾಲೆಯ ಚೌಕ, ಎಂದು ಹೆಸರು. ನಗರದ ನಾಟಕಶಾಲೆಯೂ ಇದರ ಅಂಚಿನಲ್ಲಿಯೇ ಇರುವುದು. ಎರಡು ಕಲಾಮಂದಿರಗಳ ನಡುವೆ ಇದ್ದರೂ ಈ ಚೌಕವು ಬಹುಕಾಲ ಜನರು ದಾಟಿಹೋಗುವ ಸ್ಥಳವಾಗಿತ್ತಲ್ಲದೆ ನಿಲ್ಲುವ ಸ್ಥಳವಾಗಿರಲಿಲ್ಲ.

ಇದನ್ನು ಹೊಸದಾಗಿ ರೂಪಿಸುವ ಕಾರ್ಯವು ಉದ್ಯಾನ ಮತ್ತು ನಗರಸ್ಥಳಗಳ ವಿನ್ಯಾಸಕಾರರಾದ ಆಡ್ರಿಯಾನ್ ಗ್ಯೂಜರವರಿಗೂ ಅವರು 1987ರಲ್ಲಿ ಸ್ಥಾಪಿಸಿದ ‘ವೆಸ್ಟ್ 8’ ಎಂಬ ಸಂಸ್ಥೆಗೂ ಬಂದಿತು. ಕೆಲಸವು 1996ರಲ್ಲಿ ಮುಗಿಯಿತು. ಅವರು ಮೊದಲು ಎದುರಿಸಬೇಕಾಗಿದ್ದ ಸಂಗತಿಯು ಸೌಂದರ್ಯಕ್ಕೆ ಸೇರಿದುದಲ್ಲ, ಭಾರಕ್ಕೆ ಸೇರಿದುದು. ಚೌಕದ ಕೆಳಗೆ ಮೋಟಾರುಗಾಡಿಗಳನ್ನು ನಿಲ್ಲಿಸುವ ನೆಲಮಾಳಿಗೆಯಿದೆ. ನೋಡುವವರ ಕಣ್ಣಿಗೆ ನೆಲವಾಗಿರುವುದು ವಾಸ್ತವದಲ್ಲಿ ಒಂದು ತಾರಸಿ. ಒಂದು ಘನ ಮೀಟರಿನಷ್ಟು ನೆನೆದ ಮಣ್ಣು ಒಂದೂವರೆ ಟನ್ನಿಗಿಂತಲೂ ಹೆಚ್ಚು ತೂಗುತ್ತದೆ. ನೆರಳು ಕೊಡುವಷ್ಟು ದೊಡ್ಡ ಮರಕ್ಕೆ ಅಂಥ ಮಣ್ಣು ಹಲವು ಘನ ಮೀಟರುಗಳು ಬೇಕು. ಹಳೆಯ ತಾರಸಿಯ ಮೇಲೆ ತೋಪನ್ನು ಬೆಳೆಸುವುದು ಇದರಿಂದಲೇ ಕಠಿನವಾಯಿತು. ಚೌಕದ ಅಂಚಿನಲ್ಲಿ ಅದೇ ಕಾಲದಲ್ಲಿ ಕೂನ್ ಫಾನ್ ವೆಲ್ಸೆನ್‌ರವರು ಕಟ್ಟಿದ ಚಲಚ್ಚಿತ್ರಮಂದಿರಕ್ಕೂ ಹಗುರವಾದ, ಬೆಳಕು ತೂರುವ ಹೊದಿಕೆಯೇ ಆಗಬೇಕಾಯಿತು.

ಗ್ಯೂಜರವರು ಈ ಕೊರತೆಯನ್ನು ಮರೆಮಾಚಲು ಹೋಗಲಿಲ್ಲವೆಂಬುದೇ ಇಲ್ಲಿ ಗಮನಿಸತಕ್ಕದ್ದು. ಕುಂಡಗಳನ್ನು ಸಾಲಾಗಿಟ್ಟು ಉದ್ಯಾನದ ಸೋಗು ಹಾಕುವುದು ಸುಲಭವಾಗಿತ್ತು. ಅದರ ಬದಲು ಅವರು ಚೌಕವನ್ನು ಸುತ್ತಣ ಬೀದಿಗಿಂತ 35 ಸೆಂಟಿಮೀಟರು ಎತ್ತರಿಸಿ, ಮರದ ಹಲಗೆ, ರಂಧ್ರಗಳುಳ್ಳ ಲೋಹದ ತಗಡು, ರಬ್ಬರು, ಎಪಾಕ್ಸಿ ಮೊದಲಾದ ಹಗುರ ವಸ್ತುಗಳನ್ನು ಹಾಸಿದರು. ನಮ್ಮಲ್ಲಿಯ ಜಗಲಿಗಿಂತ ಹೆಚ್ಚೇನೂ ಎತ್ತರವಲ್ಲ. ಆದರೆ ಹತ್ತಿದವನಿಗೆ ತಾನು ವೇದಿಕೆಯನ್ನೇರಿದೆನೆಂಬ ಅರಿವು ಹುಟ್ಟಲು ಅಷ್ಟೇ ಸಾಕು. ಬಿಸಿಲು ಹೆಚ್ಚಾಗಿ ಬೀಳುವ ಪೂರ್ವದ ಅಂಚಿನಲ್ಲಿ ಉದ್ದವಾದ ಮರದ ಆಸನಗಳನ್ನಿಟ್ಟರು. ಲೋಹದ ಹಾಸಿನ ಕೆಳಗೆ ದೀಪಗಳನ್ನಿಟ್ಟುದರಿಂದ ರಾತ್ರಿಯಲ್ಲಿ ಚೌಕವು ನೆಲದಿಂದೆದ್ದು ತೇಲುವಂತೆ ತೋರುತ್ತಿತ್ತು. ನೆಲಮಾಳಿಗೆಯ ಗಾಳಿಗಾಗಿ ಬೇಕಾಗಿದ್ದ ಮೂರು ಗೋಪುರಗಳನ್ನೂ ಬಚ್ಚಿಡದೆ 15 ಮೀಟರು ಎತ್ತರಕ್ಕೆ ನಿಲ್ಲಿಸಿದರು. ಬಂದರಿನ ಭಾರಯಂತ್ರಗಳನ್ನು ಹೋಲುವ, ಕೆಂಪು ಬಣ್ಣದ ನಾಲ್ಕು ದೀಪಸ್ತಂಭಗಳು ದ್ರವದ ಒತ್ತಡದಿಂದ ಮಡಿಸಿ ನಿಗುರುವಂಥವು. ಅವುಗಳ ಭಂಗಿಯನ್ನು ನಾಗರಿಕರೇ ಬದಲಿಸಬಹುದಾಗಿತ್ತು. ಬಂದರಿನಿಂದ ಬದುಕಿದ ನಗರಕ್ಕೆ ಕಲ್ಲಿನ ಕಾರಂಜಿಗಿಂತ ಇದು ಹೆಚ್ಚು ಸಹಜವೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಮಳೆಯಲ್ಲಿ ಲೋಹದ ಹಾಸು ಜಾರುವುದೆಂದೂ, ಉತ್ಸವವಿಲ್ಲದ ದಿನ ಚೌಕವು ಭಣಗುಟ್ಟುವುದೆಂದೂ, ಹಸುರಿಲ್ಲದ ಎಡೆಯಲ್ಲಿ ಮುದುಕರೂ ಮಕ್ಕಳೂ ಏಕೆ ನಿಲ್ಲಬೇಕೆಂದೂ ಹಲವರು ಕೇಳಿದರು. ಮೊದಲನೆಯದು ನ್ಯಾಯವಾದ ದೂರು. ನಡೆಯುವವನ ಕಾಲನ್ನು ಮರೆತ ನೆಲವು ಎಷ್ಟು ಚೆಲುವಾದರೂ ಕುಂದುಳ್ಳದ್ದೇ ಸರಿ. ಮೂರನೆಯದಕ್ಕೂ ನಾವು ಪೂರ್ಣವಾದ ಸಮಾಧಾನ ಹೇಳಲಾರೆವು. ಎರಡನೆಯದನ್ನು ಮಾತ್ರ ಒಪ್ಪುವುದು ಕಷ್ಟ. ಸಂಗೀತಮಂದಿರದಿಂದ ಎರಡು ಸಾವಿರ ಮಂದಿ ಒಮ್ಮೆಗೇ ಹೊರಬರುವಾಗ ಅವರಿಗೆ ಬೇಕಾದುದು ತೆರಪು. ಆ ತೆರಪು ಉಳಿದ ವೇಳೆಯಲ್ಲಿ ಬರಿದಾಗಿ ಕಾಣುವುದು ಅನಿವಾರ್ಯ. ಆಟವಿಲ್ಲದ ದಿನ ಬಯಲಾಟದ ಬಯಲೂ ಬರಿದೇ.

ಹಾಗೆಂದು ಬರಿದೇ ಎಲ್ಲೆಡೆಯೂ ಯೋಗ್ಯವೆಂದು ಅದೇ ಸಂಸ್ಥೆಯವರು ಭಾವಿಸಿದವರಲ್ಲ. ಅಮೆರಿಕದ ಮಯಾಮಿ ಬೀಚಿನಲ್ಲಿ ಫ್ರಾಂಕ್ ಗೇರಿಯವರು ಕಟ್ಟಿದ ಸಂಗೀತಮಂದಿರದ ಪಕ್ಕಕ್ಕೆ ಅವರು 2011ರಲ್ಲಿ ಮುಗಿಸಿದ ಎರಡೂವರೆ ಎಕರೆಯ ಉದ್ಯಾನವು ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಬೇರು ಬಿಡಲು ಮಣ್ಣುಂಟು, ತಲೆಯ ಮೇಲೆ ಉರಿಬಿಸಿಲುಂಟು. ಆದುದರಿಂದ ತಾಳೆಯ ಜಾತಿಯ ಮರಗಳ ತೋಪು, ಕಾಗದದ ಹೂವಿನ ಬಳ್ಳಿ ಹಬ್ಬುವ ಚಪ್ಪರ, ಕೂರಲು ಹುಲ್ಲುಹಾಸು. ಒಳಗೆ ನಡೆಯುವ ಕಚೇರಿಯನ್ನು ಮಂದಿರದ 7000 ಚದರ ಅಡಿಯ ಹೊರಗೋಡೆಯ ಮೇಲೆ ಚಿತ್ರವಾಗಿ ಮೂಡಿಸಿ, ಧ್ವನಿವರ್ಧಕಗಳಿಂದ ಕೇಳಿಸುವ ಏರ್ಪಾಡೂ ಇದೆ. ಟಿಕೀಟಿಲ್ಲದವರೂ ಹುಲ್ಲಿನ ಮೇಲೆ ಕುಳಿತು ಕೇಳುತ್ತಾರೆ. ರಾಟರ್‌ಡಾಮಿನ ಕೇಳುಗರಾದರೋ ಕಚೇರಿ ಮುಗಿದ ಮೇಲೆಯೇ ಬಯಲಿಗಿಳಿಯತಕ್ಕವರು. ಅವರ ಕಾಲ ಕೆಳಗೆ ಒಂದು ಪದರ ಹಲಗೆ ಮತ್ತು ತಗಡು, ಅದರ ಕೆಳಗೆ ಅವರನ್ನು ಮನೆಗೊಯ್ಯಲು ಕಾದಿರುವ ಗಾಡಿಗಳು.